ಶಾಲೆ ಅಟೆಂಡೆನ್ಸ್: ಪದೇ ಪದೇ ಕೇಳೋ ಪ್ರಶ್ನೆಗಳು

14 ವರ್ಷ ಕ್ಲಾಸ್ ಟೀಚರ್ ಆಗಿ ರಿಜಿಸ್ಟರ್ ಬರೆದೆ, ಆಮೇಲೆ ಇಡೀ ಶಾಲೆ ಹಾಜರಾತಿ ನೋಡ್ಕೊಳೋ ಕೆಲಸ ತಲೆಗೆ ಬಂತು. ಪೇರೆಂಟ್ಸ್ ಮೀಟಿಂಗಲ್ಲಿ, ಸ್ಟಾಫ್ ರೂಮಲ್ಲಿ, ಫೋನಲ್ಲಿ ಜನ ಕೇಳೋದು ಹೆಚ್ಚುಕಮ್ಮಿ ಇವೇ. ಅವರು ಕೇಳಿದ ಮಾತಲ್ಲೇ ಪ್ರಶ್ನೆ ಬರ್ಕೊಂಡಿದೀನಿ, ನಿಮಗೆ ಬೇಕಾದ್ದು ಮಾತ್ರ ಓದ್ಕೊಂಡ್ರೂ ನಡಿಯುತ್ತೆ.

## ಅಪ್ಪ ಅಮ್ಮಂದಿರು ಕೇಳೋದು

ಅಟೆಂಡೆನ್ಸ್ ಅಂದ್ರೆ ಬೆಳಿಗ್ಗೆ ಒಂದ್ಸಲ ಹೆಸರು ಕೂಗೋದು ಅಷ್ಟೇ ತಾನೇ?

ತುಂಬಾ ಕಡೆ ಅಷ್ಟೇ ನಡಿಯೋದು, ಆದ್ರೆ ಅಷ್ಟೇ ಸಾಲಲ್ಲ. ಬೆಳಿಗ್ಗೆ ಪ್ರೆಸೆಂಟ್ ಸರ್ ಅಂದು ಮಧ್ಯಾಹ್ನ ಮಾಯ ಆಗೋ ಮಕ್ಕಳು ಎಲ್ಲಾ ಶಾಲೇಲೂ ಇರ್ತಾರೆ. ಅದಕ್ಕೇ ಇಂಗ್ಲೆಂಡಲ್ಲಿ ದಿನವನ್ನ ಎರಡು ಸೆಷನ್ ಮಾಡಿದಾರೆ, ಬೆಳಗಿನ ಸೆಷನ್ ಶುರುವಲ್ಲಿ ಒಂದ್ಸಲ, ಮಧ್ಯಾಹ್ನ ಒಂದ್ಸಲ, ಎರಡು ಸಲ ರಿಜಿಸ್ಟರ್ ತಗೊಳ್ಳೋದು ಅಲ್ಲಿ ಕಾನೂನು. ಬಂದಿಲ್ಲ ಅಂದ್ರೆ ಬರೀ ಆಬ್ಸೆಂಟ್ ಅಂತ ಬರೆದ್ರೆ ಆಗಲ್ಲ, ಕಾಯಿಲೆನಾ, ಅನುಮತಿ ತಗೊಂಡು ಹೋಗಿದ್ದಾ, ಲೇಟಾಗಿ ಬಂದಿದ್ದಾ, ಕಾರಣನೇ ಗೊತ್ತಿಲ್ವಾ ಅನ್ನೋದಕ್ಕೆಲ್ಲ ಬೇರೆ ಬೇರೆ ಕೋಡ್ ಇದೆ. ಇನ್ನೊಂದು, ಇದು ಬರೀ ಓದಿನ ವಿಷಯ ಅಲ್ಲ. ಮನೆಯಿಂದ ಹೊರಟ ಮಗು ಶಾಲೆ ಮುಟ್ಟಿಲ್ಲ ಅಂತ ಮೊದಲು ಗೊತ್ತಾಗ್ಬೇಕಾದ್ದು ಈ ರಿಜಿಸ್ಟರಿಂದಾನೇ.

ನಮ್ ಮಗಂಗೆ 88 ಪರ್ಸೆಂಟ್ ಇದೆ ಮೇಡಂ, ಡಿಸ್ಟಿಂಕ್ಷನ್ ತರ ಇದ್ಯಲ್ಲ, ಇನ್ನೇನು?

ಈ ಪರ್ಸೆಂಟ್ ಅನ್ನೋದೇ ಮೋಸ ಮಾಡೋದು. ಮಾರ್ಕ್ಸ್ ನೋಡಿ ನೋಡಿ ನಮ್ಮ ಕಣ್ಣು ಹಾಗೆ ಒಗ್ಗಿಬಿಟ್ಟಿದೆ, 88 ಅಂದ್ರೆ ಭೇಷ್ ಅನ್ಸುತ್ತೆ. 200 ದಿನದ ಶಾಲೆ ಅಂತ ಇಟ್ಕೊಳಿ, 88 ಅಂದ್ರೆ 24 ದಿನ ಬಂದಿಲ್ಲ, ವಾರಕ್ಕೆ 5 ದಿನದ ಲೆಕ್ಕದಲ್ಲಿ ಹತ್ತಿರ ಹತ್ತಿರ 5 ವಾರ ಪಾಠ ಹೋಯ್ತು. ಅಮೆರಿಕದಲ್ಲೂ ಇಂಗ್ಲೆಂಡಲ್ಲೂ 10 ಪರ್ಸೆಂಟ್ ದಿನ ತಪ್ಪಿಸ್ಕೊಂಡ್ರೆ ಎಚ್ಚರಿಕೆ ಗೆರೆ ದಾಟಿದ ಹಾಗೆ ಲೆಕ್ಕ. ಇಂಗ್ಲೆಂಡಲ್ಲಿ ಈ ಗೆರೆ ಮೊದಲು 15 ಇತ್ತು, 2015ರಲ್ಲಿ 10ಕ್ಕೆ ಇಳಿಸಿದ್ರು. ಕೆಲವು ಬೋರ್ಡಲ್ಲಿ 75 ಇದ್ರೆ ಪರೀಕ್ಷೆಗೆ ಕೂರಿಸ್ತಾರಲ್ಲ, ಅದನ್ನ ಟಾರ್ಗೆಟ್ ಅಂದ್ಕೊಂಡವರೂ ಇದಾರೆ, 75 ಅಂದ್ರೆ 200ರಲ್ಲಿ 50 ದಿನ ಮನೇಲಿದ್ದ ಅಂತ. ನಾನಂತೂ ಪೇರೆಂಟ್ಸ್ ಹತ್ರ ಪರ್ಸೆಂಟ್ ಹೇಳೋದನ್ನೇ ಬಿಟ್ಟೆ, ದಿನ ಹೇಳ್ತೀನಿ.

ಹುಷಾರಿರ್ಲಿಲ್ಲ ಅಂತ ಲೀವ್ ಲೆಟರ್ ಕೊಟ್ಟಿದೀವಿ, ಅದೂ ಲೆಕ್ಕಕ್ಕೆ ಬರುತ್ತಾ?

ಬರುತ್ತೆ, ಆದ್ರೆ ತಪ್ಪು ಅಂತ ಅಲ್ಲ. ಚಕ್ಕರ್ ಹೊಡೆಯೋದು ಬೇರೆ, ತುಂಬಾ ದಿನ ತಪ್ಪೋದು ಬೇರೆ. ಭಾಗಾಕಾರ ಹೇಳ್ಕೊಟ್ಟ ದಿನ ಜ್ವರದಿಂದ ಮಲಗಿದ್ರೂ ಭಾಗಾಕಾರ ಹೋಯ್ತು, ಆಟ ಆಡೋಕೆ ಹೋಗಿದ್ರೂ ಹೋಯ್ತು. ಲೆಟರ್ ಇದ್ರೆ ಬೈಗುಳ ತಪ್ಪುತ್ತೆ, ಪಾಠ ವಾಪಸ್ ಬರಲ್ಲ. ಅದಕ್ಕೇ ಕಾರಣ ಯಾವುದಿದ್ರೂ ಒಟ್ಟು ದಿನ ಎಷ್ಟು ಅಂತ ಒಂದು ಲೆಕ್ಕ ಬೇರೆ ಇಡ್ಬೇಕು.

ಸ್ವಲ್ಪ ಶೀತ ಇದ್ರೂ ಕಳಿಸ್ಬೇಕಾ, ಆಮೇಲೆ ನೀವೇ ವಾಪಸ್ ಕಳಿಸ್ತೀರಾ?

ಮೂಗು ಸೋರ್ತಿದೆ, ಸಣ್ಣ ಕೆಮ್ಮಿದೆ, ಆದ್ರೆ ಮಗು ಓಡಾಡ್ಕೊಂಡಿದೆ ಅಂದ್ರೆ ಕಳ್ಸಿ. ಜ್ವರ ಇದ್ರೆ ಬಿಡೋವರೆಗೂ ಬೇಡ. ವಾಂತಿ ಭೇದಿ ಆದ್ರೆ ನಿಂತ ಮೇಲೂ 2 ದಿನ ಮನೇಲಿರ್ಲಿ, ಬ್ರಿಟನ್ ಆರೋಗ್ಯ ಇಲಾಖೆ ಪೋಷಕರಿಗೆ ಹೇಳೋದೂ ಇದನ್ನೇ. ಪ್ರತಿ ಸೋಮವಾರ ಹೊಟ್ಟೆನೋವು ಬಂದ್ರೆ ಮಾತ್ರ ಅದು ಬೇರೆ ಕಥೆ, ಕೆಳಗೆ ಹೇಳ್ತೀನಿ.

ಯುಕೆಜಿ ಮಗು ಅದು, ನಾಕು ದಿನ ಹೋಗ್ಲಿಲ್ಲ ಅಂದ್ರೆ ಏನ್ ಐಎಎಸ್ ತಪ್ಪೋಗುತ್ತಾ?

ಐಎಎಸ್ ತಪ್ಪಲ್ಲ, ರೂಢಿ ತಪ್ಪುತ್ತೆ. ಜಾಸ್ತಿ ತಪ್ಪಿಸ್ಕೊಳೋದು ದೊಡ್ಡ ಕ್ಲಾಸಿನವರೇ ಅಂದ್ಕೊಳ್ತಾರೆ ಜನ, ಚಿಕ್ಕ ಕ್ಲಾಸಲ್ಲೂ ಸುಮಾರಾಗಿ ಇರುತ್ತೆ, ಯಾರೂ ಲೆಕ್ಕ ಇಡಲ್ಲ ಅಷ್ಟೇ. ಅಕ್ಷರ ಕಲಿಯೋ ವರ್ಷದಲ್ಲಿ ಪಾಠ ಒಂದರ ಮೇಲೊಂದು ಕೂರುತ್ತೆ, ಒತ್ತಕ್ಷರದ ವಾರ ತಪ್ಪಿಸ್ಕೊಂಡ ಮಗು ಮುಂದೆ ಓದುವಾಗ ಅದೇ ಜಾಗದಲ್ಲಿ ತಡವರಿಸೋದನ್ನ ಎಷ್ಟು ಸಲ ನೋಡಿದೀನೋ.

## ಕ್ಲಾಸ್ ಟೀಚರ್‌ಗಳು ಕೇಳೋದು

ನಮ್ ಕ್ಲಾಸಿಂದು 95 ಪರ್ಸೆಂಟ್ ಬರ್ತಿದೆ, ಎಚ್‌ಎಂ ಕೂಡ ಹೊಗಳಿದ್ರು. ಇನ್ನೇನ್ ನೋಡೋಕಿದೆ?

ಒಂದು ಲೆಕ್ಕ ಮಾಡೋಣ. 40 ಮಕ್ಕಳು, 200 ದಿನ, 95 ಪರ್ಸೆಂಟ್. ಅಂದ್ರೆ ದಿನಕ್ಕೆ ಸರಾಸರಿ ಇಬ್ಬರು ಬಂದಿಲ್ಲ, ವರ್ಷಕ್ಕೆ 400 ಆಬ್ಸೆಂಟ್. ಈ 400 ಹೇಗೆ ಹಂಚಿದೆ ಅನ್ನೋದರಲ್ಲೇ ಎಲ್ಲಾ ಇರೋದು. ಎಲ್ಲರೂ ತಲಾ 10 ದಿನ ತಪ್ಪಿಸ್ಕೊಂಡಿದ್ರೆ ಅಂಥ ತಲೆಬಿಸಿ ಇಲ್ಲ. ಆದ್ರೆ 32 ಮಕ್ಕಳು 5 ದಿನ, ಉಳಿದ 8 ಮಕ್ಕಳು 30 ದಿನ ತಪ್ಪಿಸ್ಕೊಂಡ್ರೂ ಅದೇ 400, ಅದೇ 95 ಪರ್ಸೆಂಟ್, ಅದೇ ಹೊಗಳಿಕೆ, ಆದ್ರೆ ಕ್ಲಾಸಿನ ಐದರಲ್ಲಿ ಒಬ್ಬರು ತಿಂಗಳುಗಟ್ಟಲೆ ಬಂದೇ ಇಲ್ಲ. ನಾವು ದಿನಾ ಕೆಳಗಡೆ ಟೋಟಲ್ ಹಾಕ್ತೀವಿ, ಇಷ್ಟು ಜನ ಹಾಜರು ಇಷ್ಟು ಜನ ಗೈರು ಅಂತ ಎಚ್‌ಎಂಗೆ ಒಪ್ಪಿಸ್ತೀವಿ, ಆದ್ರೆ ಒಂದು ಮಗುವಿನ ಹೆಸರಿಂದ ಹಿಡಿದು ಬಲಗಡೆವರೆಗೂ ಅಡ್ಡಲಾಗಿ ಬೆರಳಿಟ್ಟು ಓದೋದು ತಿಂಗಳ ಕೊನೇಲಿ, ಅದೂ ಕೂಡೋ ಕೆಲಸ ಮುಗಿಸೋಕೆ. ನನ್ನ ಇಡೀ ತಕರಾರು ಇದೊಂದೇ. ರಿಜಿಸ್ಟರ್ ಅಡ್ಡ ಓದಿ.

ಅಡ್ಡ ಓದಿದ್ರೆ ಏನ್ ಕಾಣ್ಸುತ್ತೆ, ಅದೇ A ಅದೇ P ತಾನೇ?

ನನಗೂ ಬಹಳ ವರ್ಷ ಏನೂ ಕಾಣ್ಸಿರ್ಲಿಲ್ಲ. ಆರನೇ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ, ತಿಂಗಳಿಗೆ ಏಳೆಂಟು ದಿನ ಬರ್ತಿರ್ಲಿಲ್ಲ, ಸೋಮಾರಿ ಅಂತ ಷರಾ ಬರೆದು ಮುಗಿಸಿದ್ವಿ. ಒಂದಿನ ಸ್ಕೇಲ್ ಇಟ್ಕೊಂಡು ಅವನ ಸಾಲು ನೋಡ್ತಾ ಹೋದೆ, ಕೆಂಪು ಇಂಕಿನ A ಎಲ್ಲಾ ಬುಧವಾರ ಶನಿವಾರದ ಕೆಳಗೇ ಬಿದ್ದಿದೆ, ಬೇರೆ ದಿನ ಒಂದೂ ಇಲ್ಲ. ಆ ಎರಡು ದಿನ ನಮ್ಮಲ್ಲಿ ಬಿಳಿ ಯೂನಿಫಾರ್ಮ್, ಬಿಳಿ ಶೂ. ಅವನ ಹತ್ರ ಬಿಳಿ ಜೊತೆ ಇರ್ಲೇ ಇಲ್ಲ, ಬಣ್ಣದ್ದು ಹಾಕ್ಕೊಂಡು ಬಂದ್ರೆ ಸಾಲಿಂದ ಹೊರಗೆ ನಿಲ್ಲಿಸ್ತಿದ್ರು, ಅದಕ್ಕಿಂತ ಮನೇಲಿರೋದೇ ವಾಸಿ ಅಂತ ಅವನು ತೀರ್ಮಾನ ಮಾಡಿದ್ದ. ಹೊರಗೆ ನಿಲ್ಲಿಸಿದವರಲ್ಲಿ ನಾನೂ ಒಬ್ಬಳು. ಆವತ್ತಿಂದ ಅವನಿಗೆ ಬಣ್ಣದ್ದೇ ನಡಿಯುತ್ತೆ ಅಂದ್ವಿ, ಮುಂದಿನ ತಿಂಗಳು ಒಂದೇ ಒಂದು A.

ಎಲ್ಲಾ ಸಾಲೂ ಇಷ್ಟು ನೀಟಾಗಿ ಬಾಯಿ ಬಿಡಲ್ಲ, ಆದ್ರೆ ಕೆಲವು ನಮೂನೆ ಮತ್ತೆ ಮತ್ತೆ ಬರ್ತವೆ. ಸೋಮವಾರ ಮಾತ್ರ ತಪ್ಪಿದ್ರೆ ಶನಿವಾರ ಭಾನುವಾರ ಎಲ್ಲಿಗೋ ಹೋಗಿ ಬರ್ತಿದಾರೆ ಅಥವಾ ಮಗುಗೆ ಶಾಲೆ ಅಂದ್ರೆ ಹೆದರಿಕೆ. ಅಣ್ಣ ತಂಗಿ ಇಬ್ಬರೂ ಒಂದೇ ದಿನ ತಪ್ಪಿದ್ರೆ ಕಾರಣ ಮನೇಲಿದೆ, ದೊಡ್ಡವಳು ಮಾತ್ರ ತಪ್ಪಿದ್ರೆ ಮನೇಲಿ ಚಿಕ್ಕ ಕೂಸಿದ್ಯಾ ಅಂತ ವಿಚಾರಿಸಿ. ಟೆಸ್ಟ್ ದಿನ, ಹೋಂವರ್ಕ್ ಕೊಡೋ ದಿನ ತಪ್ಪಿದ್ರೆ ಕಾರಣ ನಮ್ಮ ಕ್ಲಾಸ್ ರೂಮಲ್ಲೇ ಇದೆ.

ಎಷ್ಟು ದಿನ ಆದ್ಮೇಲೆ ಮನೆಗೆ ಫೋನ್ ಮಾಡ್ಬೇಕು, ಒಂದು ವಾರ ಕಾಯೋದಾ?

ಮೊದಲನೇ ದಿನಾನೇ, ಮೊದಲ ಪೀರಿಯಡ್ ಮುಗಿಯೋದರೊಳಗೆ. ಆಫೀಸಿಂದ ಒಂದು ಫೋನು, ಆಗ್ಲಿಲ್ಲ ಅಂದ್ರೆ ಮೆಸೇಜು. ಆಮೇಲೆ ಶಾಲೆ ಶುರುವಾದ ಮೊದಲ ತಿಂಗಳನ್ನ ಯಾರೂ ಸೀರಿಯಸ್ಸಾಗಿ ತಗೊಳ್ಳಲ್ಲ, ಇನ್ನೂ ಪಾಠನೇ ಶುರುವಾಗಿಲ್ಲ ಬಿಡು ಅಂತಾರೆ. ಅಮೆರಿಕದ ಬಾಲ್ಟಿಮೋರಲ್ಲಿ 2014ರಲ್ಲಿ ಒಂದು ಅಧ್ಯಯನ ಬಂತು, ಮೊದಲ ತಿಂಗಳಲ್ಲಿ 2ರಿಂದ 4 ದಿನ ತಪ್ಪಿಸ್ಕೊಂಡ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನ ಆ ವರ್ಷ ಹತ್ತಿರ ಹತ್ತಿರ ಒಂದು ತಿಂಗಳ ಪಾಠ ಕಳ್ಕೊಂಡಿದ್ರು. ಅಂದ್ರೆ ವರ್ಷದ ಕೊನೆಗೆ ನಮಗೆ ತಲೆನೋವು ಆಗೋ ಹೆಸರುಗಳು ಮೊದಲ ತಿಂಗಳ ಹಾಳೇಲೇ ಕೂತಿರ್ತವೆ.

ಫೋನ್ ಮಾಡಿದ್ರೆ ಜಗಳಕ್ಕೇ ಬರ್ತಾರೆ, ನಾನ್ ಏನಂತ ಮಾತಾಡ್ಲಿ?

ನಿಮ್ಮ ಮೊದಲ ವಾಕ್ಯ ಏನಿತ್ತು ನೆನಪು ಮಾಡ್ಕೊಳಿ. "ಯಾಕ್ ಕಳಿಸಿಲ್ಲ?" ಅಂತ ಇದ್ರೆ ಜಗಳ ಗ್ಯಾರಂಟಿ, ಅದು ಪ್ರಶ್ನೆ ತರ ಕೇಳ್ಸಲ್ಲ, ಆಪಾದನೆ ತರ ಕೇಳ್ಸುತ್ತೆ. ನಾನು ಹೇಳೋದು ಹೀಗೆ: "ಅಮ್ಮ, ನಾನು ಕ್ಲಾಸ್ ಟೀಚರ್ ಮಾತಾಡ್ತಿರೋದು, ಇವತ್ತು ಪಾಪು ಕಾಣ್ಲಿಲ್ಲ, ಹುಷಾರಾಗಿದಾಳಾ?" ಅಷ್ಟಂದು ಸುಮ್ಮನಾಗ್ತೀನಿ, ಅವರೇ ಹೇಳ್ತಾರೆ. ಎರಡನೇದು, ಕೆಟ್ಟ ಸುದ್ದಿ ಇದ್ದಾಗ ಮಾತ್ರ ಫೋನ್ ಮಾಡೋ ಶಾಲೆ ನಂಬರ್ ನೋಡಿದ್ರೇ ಜನ ಕಟ್ ಮಾಡ್ತಾರೆ, ವರ್ಷದ ಶುರುವಲ್ಲಿ ಒಂದು ಸಲ ಸುಮ್ನೆ ಚೆನ್ನಾಗಿರೋದು ಏನಾದ್ರೂ ಹೇಳೋಕೆ ಫೋನ್ ಮಾಡಿಡಿ.

ಲೇಟಾಗಿ ಬಂದವರನ್ನ ಗೇಟ್ ಹಾಕಿ ಹೊರಗೆ ನಿಲ್ಲಿಸ್ತಾರೆ, ಇದರಿಂದ ಶಿಸ್ತು ಬರುತ್ತಾ?

ಮನೆಗೆ ವಾಪಸ್ ಹೋಗೋ ಶಿಸ್ತು ಬರುತ್ತೆ. 10 ನಿಮಿಷ ಲೇಟಾದವನಿಗೆ ಇಡೀ ದಿನ ಹೋಯ್ತು. ಒಳಗೆ ಬಿಡಿ, ರಿಜಿಸ್ಟರಲ್ಲಿ ಲೇಟ್ ಅಂತ ಟೈಮ್ ಸಮೇತ ಬರೀರಿ, ದಿನಾ ಲೇಟಾದ್ರೆ ಕೂರಿಸ್ಕೊಂಡು ಕೇಳಿ.

## ಬಹುಮಾನ, ಪತ್ರ, ದಂಡ

100 ಪರ್ಸೆಂಟ್ ಬಂದವರಿಗೆ ಪ್ರೈಜ್ ಕೊಡ್ತೀವಿ, ಒಳ್ಳೇ ಐಡಿಯಾ ಅಲ್ವಾ?

ನಾನೂ ಹಾಗೇ ಅಂದ್ಕೊಂಡಿದ್ದೆ, ಸರ್ಟಿಫಿಕೇಟ್ ಪ್ರಿಂಟ್ ಹಾಕ್ಸಿದ್ದೂ ನಾನೇ. ಕ್ಯಾಲಿಫೋರ್ನಿಯಾದಲ್ಲಿ 15 ಸಾವಿರಕ್ಕೂ ಜಾಸ್ತಿ ಮಕ್ಕಳ ಮೇಲೆ ಕಾರ್ಲಿ ರಾಬಿನ್ಸನ್, ಟಾಡ್ ರಾಜರ್ಸ್ ಮತ್ತೆ ಅವರ ಜೊತೆಗಾರರು ಪ್ರಯೋಗ ಮಾಡಿ ನೋಡಿದ್ರು. ಮುಂದಿನ ತಿಂಗಳು ಪೂರ್ತಿ ಬಂದ್ರೆ ಪ್ರಶಸ್ತಿ ಅಂತ ಮೊದಲೇ ಹೇಳಿದ ಗುಂಪಲ್ಲಿ ಹಾಜರಾತಿ ಏರ್ಲೇ ಇಲ್ಲ. ಹಿಂದಿನ ತಿಂಗಳು ಪೂರ್ತಿ ಬಂದಿದ್ದೆ ಅಂತ ಇದ್ದಕ್ಕಿದ್ದ ಹಾಗೆ ಪ್ರಶಸ್ತಿ ಕೊಟ್ಟ ಗುಂಪಲ್ಲಿ ಇನ್ನೂ ಕಮ್ಮಿನೇ ಆಯ್ತು! ಓ, ನಾನು ಬೇರೆಯವರಿಗಿಂತ ಜಾಸ್ತಿ ಬರ್ತಿದೀನಿ, ಇಷ್ಟೆಲ್ಲಾ ಬರ್ಬೇಕಾಗಿಲ್ಲ ಅನ್ನೋ ಅರ್ಥ ಹೋಗಿರ್ಬಹುದು ಅಂತ ಅವರ ಊಹೆ. ಇನ್ನೂ ಒಂದು ತೊಂದರೆ ಇದೆ, ಮೊದಲ ವಾರ ಜ್ವರ ಬಂದ ಮಗುಗೆ 100 ಪರ್ಸೆಂಟ್ ಆಟ ಅವತ್ತೇ ಮುಗೀತು. ಕೊಡ್ಲೇಬೇಕು ಅಂದ್ರೆ ಹೋದ ತಿಂಗಳಿಗಿಂತ ಜಾಸ್ತಿ ಬಂದ ಮಗುಗೆ ಕೊಡಿ, ಅದೂ ಸ್ಟೇಜ್ ಹತ್ತಿಸದೆ, ಬೆಂಚ್ ಹತ್ರ ಹೋಗಿ ಒಂದು ಮಾತು.

ಮನೆಗೆ ಪತ್ರ ಕಳಿಸಿದ್ರೆ ಯಾರ್ ಓದ್ತಾರೆ ಈಗಿನ ಕಾಲದಲ್ಲಿ?

ಓದ್ತಾರೆ, ಆದ್ರೆ ಏನ್ ಬರೀತೀರಿ ಅನ್ನೋದರ ಮೇಲಿದೆ. ಇದೇ ಟಾಡ್ ರಾಜರ್ಸ್ ಇನ್ನೊಬ್ಬ ಸಂಶೋಧಕ ಅವಿ ಫೆಲ್ಲರ್ ಜೊತೆ ಫಿಲಡೆಲ್ಫಿಯಾದಲ್ಲಿ 28 ಸಾವಿರ ಮಕ್ಕಳ ಮನೆಗೆ ಪೋಸ್ಟಲ್ಲಿ ಪತ್ರ ಕಳ್ಸಿ ನೋಡಿದ್ರು, ಫಲಿತಾಂಶ 2018ರಲ್ಲಿ ಬಂತು. ನಿಮ್ಮ ಮಗು ಈ ವರ್ಷ ಒಟ್ಟು ಇಷ್ಟು ದಿನ ಬಂದಿಲ್ಲ ಅಂತ ಬರೆದ ಪತ್ರ ಹೋದ ಮನೆಗಳಲ್ಲಿ, ತುಂಬಾ ದಿನ ತಪ್ಪಿಸ್ಕೊಳೋ ಮಕ್ಕಳ ಸಂಖ್ಯೆ ಹತ್ತರಲ್ಲೊಂದು ಪಾಲು ಅಥವಾ ಜಾಸ್ತಿನೇ ಇಳೀತು. ಕಾರಣ ಸಿಂಪಲ್ಲು, ಅಪ್ಪ ಅಮ್ಮಂಗೆ ಲೆಕ್ಕನೇ ಗೊತ್ತಿರಲ್ಲ, ನಿಜವಾಗಿ ತಪ್ಪಿದ್ದರಲ್ಲಿ ಅರ್ಧದಷ್ಟೇ ಅಂದ್ಕೊಂಡಿರ್ತಾರೆ. ಒಂದೊಂದು ದಿನ ಒಂದೊಂದು ಕಾರಣ, ಯಾರು ಕೂಡ್ತಾರೆ ಹೇಳಿ. ನಮ್ಮ ಶಾಲೆಗಳು ಕಳಿಸೋ ಮೆಸೇಜಲ್ಲಿ "ಇಂದು ನಿಮ್ಮ ಮಗು ಗೈರು" ಅಂತ ಇರುತ್ತೆ, "ಜೂನಿಂದ ಇವತ್ತಿಗೆ 17 ದಿನ" ಅಂತ ಇರಲ್ಲ. ಆ ಒಂದು ಸಾಲು ಸೇರಿಸೋಕೆ ಏನೂ ಖರ್ಚಿಲ್ಲ.

ದಂಡ ಹಾಕಿದ್ರೆ ತಾನಾಗೇ ಬರ್ತಾರೆ, ಯಾಕ್ ಹಾಕ್ಬಾರ್ದು?

ಇಂಗ್ಲೆಂಡಲ್ಲಿ ಹಾಕ್ತಾರೆ. 2024ರ ಆಗಸ್ಟಿಂದ ಇಡೀ ದೇಶಕ್ಕೆ ಒಂದೇ ನಿಯಮ, 10 ಶಾಲಾ ವಾರದೊಳಗೆ ಅನುಮತಿ ಇಲ್ಲದೆ 10 ಸೆಷನ್, ಅಂದ್ರೆ 5 ದಿನ ತಪ್ಪಿದ್ರೆ ದಂಡದ ವಿಚಾರ ಬರುತ್ತೆ, 21 ದಿನದಲ್ಲಿ ಕಟ್ಟಿದ್ರೆ 80 ಪೌಂಡ್, ಆಮೇಲೆ 160. ಅಲ್ಲಿ ಬಹುಪಾಲು ದಂಡ ಬೀಳೋದು ಶಾಲೆ ನಡೀತಿರುವಾಗ ಮಕ್ಕಳನ್ನ ಟ್ರಿಪ್ ಕರ್ಕೊಂಡು ಹೋದವರಿಗೆ. ಅಂಥವರಿಗೆ ದಂಡ ಒಂದು ಲೆಕ್ಕ, ಟಿಕೆಟ್ ಜೊತೆ ಸೇರಿಸ್ಕೊಳ್ತಾರೆ. ಮಗು ಮನೇಲಿ ತಮ್ಮನ್ನ ನೋಡ್ಕೊಳ್ತಿದೆ ಅಂದ್ರೆ ದಂಡ ಹಾಕಿ ಏನ್ ಮಾಡ್ತೀರಿ, ತಮ್ಮ ದೊಡ್ಡವನಾಗ್ತಾನಾ?

## ಸ್ವಲ್ಪ ಗೋಜಲಿನವು

ಬೆಳಿಗ್ಗೆ ಆದ್ರೆ ಹೊಟ್ಟೆನೋವು ಅಂತ ಅಳ್ತಾಳೆ, 10 ಗಂಟೆಗೆ ಚೆನ್ನಾಗಿರ್ತಾಳೆ. ನಾಟಕನಾ ಇದು?

ನಾಟಕ ಅಂತ ಮೊದಲೇ ತೀರ್ಪು ಕೊಡ್ಬೇಡಿ, ಹೆದರಿಕೆಗೆ ನಿಜವಾಗ್ಲೂ ಹೊಟ್ಟೆ ನೋಯುತ್ತೆ. ಮೊದಲು ಡಾಕ್ಟರ್ ಹತ್ರ ತೋರ್ಸಿ. ಕ್ರಿಸ್ಟೋಫರ್ ಕಿಯರ್ನಿ ಅನ್ನೋ ಮನಶ್ಶಾಸ್ತ್ರಜ್ಞ ಶಾಲೆಗೆ ಹೋಗಲ್ಲ ಅನ್ನೋದರ ಹಿಂದೆ ನಾಲ್ಕು ಥರದ ಕಾರಣ ನೋಡ್ತಾರೆ: ಶಾಲೇಲಿ ಇರೋ ಯಾವುದೋ ಒಂದರಿಂದ ಆಗೋ ಸಂಕಟ (ಟಾಯ್ಲೆಟ್ ಇರ್ಬಹುದು, ಬಸ್ ಇರ್ಬಹುದು), ಎಲ್ಲರೆದುರು ಎದ್ದು ನಿಂತು ಮಾತಾಡೋ ಟೆಸ್ಟ್ ಬರೆಯೋ ಭಯ, ಮನೆಯವರ ಗಮನ ಬೇಕು ಅನ್ನೋದು, ಕೊನೇದು ಹೊರಗೆ ಸಿಗೋ ಮಜಾ. ಇವಕ್ಕೆ ಔಷಧಿ ಒಂದೇ ಅಲ್ಲ. ಮಜಾಕ್ಕೆ ಉಳ್ಕೊಂಡವನ ಮೊಬೈಲ್ ತೆಗೆದಿಟ್ರೆ ಕೆಲಸ ಆಗುತ್ತೆ, ಭಯದಲ್ಲಿ ಉಳ್ಕೊಂಡವಳ ಮೊಬೈಲ್ ತೆಗೆದಿಟ್ರೆ ಭಯದ ಜೊತೆ ಸಿಟ್ಟೂ ಸೇರುತ್ತೆ. ಭಯ ಇದ್ರೆ ಪೂರ್ತಿ ಬಿಡಿಸ್ಬೇಡಿ, ಮನೇಲಿದ್ದಷ್ಟೂ ವಾಪಸ್ ಹೋಗೋದು ಕಷ್ಟ ಆಗುತ್ತೆ. ಇಷ್ಟದ ಒಂದು ಪೀರಿಯಡ್, ಆಮೇಲೆ ಅರ್ಧ ದಿನ, ಹೀಗೆ ಹತ್ತಿಸ್ಬೇಕು, ಅದಕ್ಕೆ ಶಾಲೆ ಒಪ್ಪಬೇಕು.

ಮುಟ್ಟಿನ ದಿನ ಹುಡುಗೀರು ಬರಲ್ಲ, ಪ್ಯಾಡ್ ಕೊಟ್ರೆ ಸರಿ ಹೋಗುತ್ತಾ?

ಪ್ಯಾಡ್ ಕೊಡ್ಲೇಬೇಕು, ಅದು ಹಾಜರಾತಿಗಾಗಿ ಅಲ್ಲ, ಮರ್ಯಾದೆಗಾಗಿ. ಹಾಜರಾತಿ ಮಾತಿಗೆ ಬಂದ್ರೆ ನೇಪಾಳದಲ್ಲಿ ಎಮಿಲಿ ಆಸ್ಟರ್, ರೆಬೆಕಾ ಥಾರ್ನ್‌ಟನ್ ಮಾಡಿದ ಅಧ್ಯಯನ ನನ್ನನ್ನೂ ಯೋಚ್ನೆಗೆ ಹಚ್ತು, ಮುಟ್ಟಿನ ಕಾರಣಕ್ಕೆ ಹುಡುಗೀರು ತಪ್ಪಿಸ್ಕೊಳ್ತಿದ್ದದ್ದು ವರ್ಷಕ್ಕೆ ಅರ್ಧ ದಿನಕ್ಕಿಂತ ಕಮ್ಮಿ, ಪ್ಯಾಡ್ ಬದಲು ಬಳಸೋ ಮುಟ್ಟಿನ ಕಪ್ ಕೊಟ್ರೂ ಅದು ಬದಲಾಗ್ಲಿಲ್ಲ. ಒಂದು ಜಾಗದ ಮಾತು ಎಲ್ಲಾ ಕಡೆಗೂ ಹೊಂದ್ಬೇಕಾಗಿಲ್ಲ. ಆದ್ರೆ ಕಾರಣ ನಮಗೆ ಗೊತ್ತು ಅಂತ ಕೂತ್ಕೊಳೋ ಮುಂಚೆ ಆ ಹುಡುಗಿಯ ಸಾಲಲ್ಲಿ ತಿಂಗಳಿಗೊಮ್ಮೆ ಬೀಳೋ ಗೈರು ಇದ್ಯಾ ಅಂತ ನೋಡಿ, ಟಾಯ್ಲೆಟ್ ಬಾಗಿಲಿಗೆ ಚಿಲಕ ಇದ್ಯಾ, ನೀರು ಬರುತ್ತಾ ಅದನ್ನೂ ನೋಡಿ.

ಫೇಸ್ ಸ್ಕ್ಯಾನ್ ಮಷಿನ್ ಹಾಕ್ಸಿದ್ರೆ ಟೀಚರ್ ಟೈಮ್ ಉಳಿಯುತ್ತೆ, ಹಾಕ್ಸೋಣ್ವಾ?

ಸ್ವೀಡನ್‌ನ ಶೆಲೆಫ್ಟಿಯೊ ಅನ್ನೋ ಊರಲ್ಲಿ ಟೈಮ್ ಉಳ್ಸೋಕೇ ಹಾಕ್ಸಿದ್ರು, ಒಂದು ಹೈಸ್ಕೂಲಲ್ಲಿ 22 ಮಕ್ಕಳು, ಮೂರು ವಾರದ ಟ್ರಯಲ್. 2019ರಲ್ಲಿ ಜನರ ಖಾಸಗಿ ಮಾಹಿತಿ ಕಾಯೋ ಅಲ್ಲಿನ ಡೇಟಾ ಪ್ರಾಧಿಕಾರ 2 ಲಕ್ಷ ಕ್ರೋನ ದಂಡ ಹಾಕ್ತು. ಒಪ್ಪಿಗೆ ತಗೊಂಡಿದ್ವಿ ಅಂತ ಶಾಲೆಯವರು ವಾದ ಮಾಡಿದ್ರು, ಶಾಲೆ ಕೇಳಿದಾಗ ಮಕ್ಕಳು ಇಲ್ಲ ಅನ್ನೋಕೆ ಆಗಲ್ಲ, ಹಾಗಾಗಿ ಅದು ಒಪ್ಪಿಗೆನೇ ಅಲ್ಲ ಅಂದ್ರು ಪ್ರಾಧಿಕಾರದವರು. ಇಂಗ್ಲೆಂಡ್, ವೇಲ್ಸ್ ಶಾಲೆಗಳಲ್ಲಿ 2012ರ ಕಾನೂನು ಪ್ರಕಾರ ಬೆರಳಚ್ಚು ತಗೊಳೋಕೂ ಪೋಷಕರ ಲಿಖಿತ ಒಪ್ಪಿಗೆ ಬೇಕು. ನನ್ನ ಮಾತು ಕೇಳಿದ್ರೆ, ಮಷಿನ್ ಯಾರು ಬಂದಿಲ್ಲ ಅಂತ ಹೇಳುತ್ತೆ, ಹೆಸರು ಕೂಗುವಾಗ ತಲೆಯೆತ್ತಿ ನೋಡಿದ್ರೆ ಬಂದವರಲ್ಲಿ ಯಾರ ಕಣ್ಣು ಊದಿದೆ ಅನ್ನೋದೂ ಕಾಣುತ್ತೆ, ಆ 2 ನಿಮಿಷ ವೇಸ್ಟ್ ಅಂತ ನನಗನ್ಸಲ್ಲ.

ಬರದೇ ಇದ್ರೂ P ಹಾಕಿ ಅಂತ ಮೇಲಿಂದ ಒತ್ತಡ ಬರುತ್ತೆ, ಏನ್ ಮಾಡೋದು?

ಹಾಕ್ಬೇಡಿ ಅನ್ನೋದು ಸುಲಭ, ನಿಮ್ಮ ಜಾಗದಲ್ಲಿ ನಾನಿಲ್ಲ. ಹಾಜರಾತಿ ಸಂಖ್ಯೆಗೆ ದುಡ್ಡೋ ಹೆಸರೋ ಅಂಟಿದ ಕಡೆ ಸಂಖ್ಯೆ ಉಬ್ಬಿಸೋ ಆಸೆ ಇದ್ದೇ ಇರುತ್ತೆ, ಕ್ಯಾಲಿಫೋರ್ನಿಯಾದಲ್ಲಂತೂ ಶಾಲೆಗೆ ಬರೋ ಹಣವೇ ಸರಾಸರಿ ಹಾಜರಾತಿ ಮೇಲೆ ನಿಂತಿದೆ. ಆದ್ರೆ ಒಂದು ಸುಳ್ಳು P ಬಿತ್ತು ಅಂದ್ರೆ ಆ ಮಗುವಿನ ಸಾಲು ಓದೋಕೇ ಬರದ ಹಾಗೆ ಆಯ್ತು. ಶಾಲೆಗೆ ಹಾಜರ್ ಅಂತ ಬರೆದ ಹೊತ್ತಲ್ಲಿ ಹೊರಗೆ ಆ ಮಗುಗೆ ಏನಾದ್ರೂ ಆದ್ರೆ ಸಹಿ ನಿಮ್ಮದು, ಹೇಳಿದವರದ್ದಲ್ಲ.

ಟೀಚರೇ ಸರಿಯಾಗಿ ಬರಲ್ಲ, ಮಕ್ಕಳು ಯಾಕ್ ಬರ್ಬೇಕು?

ನ್ಯಾಯವಾದ ಪ್ರಶ್ನೆ. ಉದಯಪುರದ ಹಳ್ಳಿಗಳಲ್ಲಿ ಸೇವಾ ಮಂದಿರ್ ಅನ್ನೋ ಸಂಸ್ಥೆ ನಡೆಸ್ತಿದ್ದ ಏಕೋಪಾಧ್ಯಾಯ ಶಾಲೆಗಳಲ್ಲಿ ಎಸ್ತರ್ ಡುಫ್ಲೊ, ರೆಮಾ ಹಾನಾ, ಸ್ಟೀಫನ್ ರಯಾನ್ ಒಂದು ಪ್ರಯೋಗ ಮಾಡಿದ್ರು. ದಿನದ ಶುರುವಲ್ಲಿ ಕೊನೇಲಿ ಮಕ್ಕಳ ಜೊತೆ ಟೀಚರ್ ಫೋಟೋ ತೆಗೆಸ್ಕೋಬೇಕು, ಕ್ಯಾಮೆರಾದಲ್ಲಿ ಸಮಯ ಬೀಳುತ್ತೆ, ಸಂಬಳ ಅದರ ಮೇಲೆ. ಟೀಚರ್ ಗೈರು 42 ಪರ್ಸೆಂಟಿಂದ 21ಕ್ಕೆ ಇಳೀತು, ಮಕ್ಕಳಿಗೆ ಪಾಠ ಸಿಕ್ಕ ದಿನಗಳೂ ಜಾಸ್ತಿ ಆದ್ವು. ಬೀಗ ಹಾಕಿದ ಶಾಲೆಗೆ ಎರಡು ಸಲ ನಡ್ಕೊಂಡು ಬಂದು ವಾಪಸ್ ಹೋದ ಮಗು ಮೂರನೇ ಸಲ ಬರಲ್ಲ, ಅದಕ್ಕೆ ಯಾವ ಸಂಶೋಧನೆನೂ ಬೇಡ.

ಇಡೀ ಶಾಲೆಗೆ ಒಂದು ಪದ್ಧತಿ ಮಾಡ್ಬೇಕು, ಎಲ್ಲಿಂದ ಶುರು ಮಾಡ್ಲಿ? (ಹೊಸ ಎಚ್‌ಎಂ ಒಬ್ಬರು)

ವಾರಕ್ಕೆ ಅರ್ಧ ಗಂಟೆ, ದಿನ ಫಿಕ್ಸ್ ಮಾಡಿ, ನೀವು, ಒಬ್ಬ ಟೀಚರು, ಆಫೀಸಿಂದ ಒಬ್ಬರು. ಮುಂದೆ ಇರ್ಬೇಕಾದ್ದು ಹೆಸರಿನ ಪಟ್ಟಿ, ಪರ್ಸೆಂಟ್ ಅಲ್ಲ. ಅಮೆರಿಕದಲ್ಲಿ ಅಟೆಂಡೆನ್ಸ್ ವರ್ಕ್ಸ್ ಅನ್ನೋ ಸಂಸ್ಥೆ ಹೇಳಿಕೊಡೋ ಹಂತಗಳು ನಮಗೂ ಹೊಂದ್ತವೆ: ಎಲ್ಲರಿಗೂ ಮಾಡ್ಬೇಕಾದ್ದು (ಗೈರಾದ ದಿನಾನೇ ಫೋನು, ಬಂದಾಗ ನಗುಮುಖ), 10ರಿಂದ 19 ಪರ್ಸೆಂಟ್ ತಪ್ಪಿಸ್ಕೊಂಡವರಿಗೆ ಒಬ್ಬೊಬ್ಬರ ಕಾರಣ ನೋಡಿ ಸಹಾಯ, 20 ದಾಟಿದ್ರೆ ಶಾಲೆ ಒಂದರ ಕೈಲಿ ಆಗಲ್ಲ, ಆರೋಗ್ಯ, ಕೌನ್ಸೆಲಿಂಗ್, ಮಕ್ಕಳ ರಕ್ಷಣೆ ಅವರನ್ನೆಲ್ಲ ಕರೀಬೇಕು. ಮಧ್ಯದ ಗುಂಪಿಗೆ ಒಬ್ಬೊಬ್ಬರಿಗೆ ಒಬ್ಬ ದೊಡ್ಡವರನ್ನ ಜೊತೆ ಮಾಡಿ, ಟೀಚರೇ ಆಗ್ಬೇಕಿಲ್ಲ, ನ್ಯೂಯಾರ್ಕಲ್ಲಿ 2010ರಿಂದ 2013ರವರೆಗೆ ಹೀಗೆ ಮೆಂಟರ್ ಸಿಕ್ಕ ಮಕ್ಕಳು ವರ್ಷಕ್ಕೆ ಸುಮಾರು 9 ದಿನ ಜಾಸ್ತಿ ಶಾಲೆಗೆ ಬಂದ್ರು. ಎಲ್ಲಾ ಕ್ಲಾಸಲ್ಲೂ ಒಂದೇ ಸಲ ಶುರು ಮಾಡ್ಬೇಡಿ, ಮೂರು ವಾರಕ್ಕೆ ನಿಂತೋಗುತ್ತೆ. ಒಂದು ಕ್ಲಾಸ್, 5 ಹೆಸರು.

ಒಂದೂವರೆ ತಿಂಗಳಾದ್ಮೇಲೆ ಹುಡುಗ ನಾಳೆ ಬರ್ತಿದಾನೆ, ನಾನೇನ್ ಮಾಡ್ಲಿ?

ಮೊದಲು ಏನ್ ಮಾಡ್ಬಾರ್ದು ಹೇಳ್ತೀನಿ. "ಓಹೋ ಬಂದ್ರಾ ಸಾಹೇಬ್ರು, ದಾರಿ ಗೊತ್ತಾಯ್ತಾ?" ಅನ್ನೋದು, ಕ್ಲಾಸೆಲ್ಲಾ ನಗೋದು, ಇದೊಂದು ಬೇಡ. ಅವನ ಜಾಗದಲ್ಲಿ ಬೇರೆ ಯಾರಾದ್ರೂ ಕೂತಿದ್ರೆ ಇವತ್ತೇ ಖಾಲಿ ಮಾಡ್ಸಿಡಿ, ಪಕ್ಕದ ಹುಡುಗಂಗೆ ಹೇಳಿಡಿ. ಹಿಂದಿನ ನೋಟ್ಸ್ ಎಲ್ಲಾ ಒಂದೇ ಸಲ ಕಾಪಿ ಮಾಡು ಅನ್ಬೇಡಿ, ಮುಂದಿನ ಪಾಠಕ್ಕೆ ಬೇಕೇ ಬೇಕಾದ ಎರಡು ಪುಟ ಸಾಕು. ಬೆಳಿಗ್ಗೆ ಹೆಸರು ಕೂಗುವಾಗ ಅವನದ್ದೂ ಎಲ್ಲರ ಹಾಗೇ, ಅದೇ ದನಿಯಲ್ಲಿ ಕೂಗಿ, ಅವನು ಪ್ರೆಸೆಂಟ್ ಅಂದ ಮೇಲೆ ಮುಂದಿನ ಹೆಸರಿಗೆ ಹೋಗಿ.